ಬಾಗಿಲು ತೆರೆಯಬೇಕಾ, ಬೇಡ್ವಾ? ಹಳೇ ದೆವ್ವದ ಮನೆ ಸಿನಿಮಾಗಳಲ್ಲಿ ನಿಮಗೆ ಯಾವುದು?

ತೊಂಬತ್ತರ ದಶಕದಲ್ಲಿ ನಾವು ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆವು. ಬಾಗಿಲ ಮೇಲೆ ಅಜ್ಜಿ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದಿದ್ದರು. ನಮ್ಮದೊಂದೇ ಅಲ್ಲ, ಸಾಲಿನಲ್ಲಿದ್ದ ಎಲ್ಲ ಬಾಗಿಲಿಗೂ ಅದೇ ಬರಹ. ಆಗ ಬೆಂಗಳೂರಿನಲ್ಲಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಹೊತ್ತು ಒಂದು ಹೆಣ್ಣು ದೆವ್ವ ಬಂದು ಬಾಗಿಲು ಬಡಿಯುತ್ತದೆ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ತೆರೆದರೆ ಕಥೆ ಮುಗೀತು ಅಂತ ಸುದ್ದಿ. ಬಾಗಿಲ ಮೇಲಿನ ಬರಹ ಓದಿಕೊಂಡು ಅದು ವಾಪಸ್ ಹೋಗುತ್ತದಂತೆ. ಮಾರನೇ ರಾತ್ರಿ ಬಂದು ಮತ್ತೆ ಓದುತ್ತದಂತೆ, ಮತ್ತೆ ಹೋಗುತ್ತದಂತೆ. ಕನ್ನಡ ಓದಲು ಬರುವ, ಹೇಳಿದ ಮಾತು ಕೇಳುವ ದೆವ್ವ! ಈಗ ನಗು ಬರುತ್ತದೆ. ಆಗ ಮಾತ್ರ ಚಾಪೆಯ ಮೇಲೆ ಮಲಗಿ, ಕತ್ತಲಲ್ಲಿ ಅಗಳಿಯನ್ನೇ ನೋಡುತ್ತಾ ಎಷ್ಟೋ ಹೊತ್ತು ಎಚ್ಚರವಾಗಿರುತ್ತಿದ್ದೆ.

ಆ ದೆವ್ವ ನೋಡಲು ಹೇಗಿದೆ ಅಂತ ಯಾರೂ ಹೇಳಲಿಲ್ಲ. ಕಂಡವರೇ ಇರಲಿಲ್ಲ. ಒಂದು ಬಾಗಿಲು, ಒಂದು ಬಡಿತ, ಒಂದು ದನಿ. ಅಷ್ಟಕ್ಕೇ ನಮ್ಮ ನಿದ್ದೆ ಹೋಗಿತ್ತು.

ಈಗ ತಿಂಗಳಿಗೊಂದು ಶನಿವಾರ ಬನಶಂಕರಿಯಲ್ಲಿರುವ ಕಸಿನ್ ಮನೆಯಲ್ಲಿ ಆರೇಳು ಜನ ಸೇರಿ ಹಳೇ ಸಿನಿಮಾ ನೋಡುತ್ತೇವೆ. ಮಾಮೂಲಿ ಸಿನಿಮಾ ಆದರೆ ಐದು ನಿಮಿಷದಲ್ಲಿ ಒಪ್ಪಂದ ಆಗುತ್ತದೆ. ದೆವ್ವದ ಮನೆಯ ಸಿನಿಮಾ ಅಂದರೆ ಮಾತ್ರ ಜಗಳ. ಕಸಿನ್‌ಗೆ ದೆವ್ವ ಕಣ್ಣಿಗೆ ಕಾಣಲೇಬೇಕು, ಇಲ್ಲದಿದ್ದರೆ ದುಡ್ಡು ವಾಪಸ್ ಕೇಳುವ ಪೈಕಿ. ಅವನ ಹೆಂಡತಿಗೆ ಕಂಡ ತಕ್ಷಣ ಹೆದರಿಕೆ ಹೋಗಿಬಿಡುತ್ತದೆ. ನಮ್ಮತ್ತೆಗೆ ಕಥೆ ಬೇಕು, ಯಾರು ಯಾರನ್ನು ಯಾಕೆ ಕೊಂದರು ಅನ್ನೋದು ಕೊನೆಗೆ ತಿಳಿಯಬೇಕು. ಇವರೆಲ್ಲರ ಜೊತೆ ವಾದ ಮಾಡಿ ಮಾಡಿ ನನಗೆ ಒಂದು ಲೆಕ್ಕ ಸಿಕ್ಕಿದೆ. ಬಣ್ಣದ್ದಾ ಕಪ್ಪು-ಬಿಳುಪಾ, ಇಂಗ್ಲಿಷಾ ಕನ್ನಡವಾ ಅನ್ನೋದೆಲ್ಲ ಆಮೇಲೆ. ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ: ಬಾಗಿಲು ಬಡಿದಾಗ ನಿಮಗೆ ಅದನ್ನು ತೆರೆದು ತೋರಿಸುವ ಸಿನಿಮಾ ಬೇಕಾ, ಮುಚ್ಚಿಯೇ ಇಡುವ ಸಿನಿಮಾ ಬೇಕಾ?

ಮುಚ್ಚಿ ಇಡುವವುಗಳಲ್ಲಿ ದೊಡ್ಡದು 1963ರ ‘ದಿ ಹಾಂಟಿಂಗ್’. ಅದರಿಂದಲೇ ಶುರು ಮಾಡುತ್ತೇನೆ. ಜಗಳ ಜಾಸ್ತಿ ಆಗಿರುವುದೂ ಅದರ ಮೇಲೇ.

ದಿ ಹಾಂಟಿಂಗ್ (1963)

ಶರ್ಲಿ ಜಾಕ್ಸನ್ 1959ರಲ್ಲಿ ಬರೆದ ಕಾದಂಬರಿಯಿಂದ ಮಾಡಿದ ಸಿನಿಮಾ. ನಿರ್ದೇಶಕ ರಾಬರ್ಟ್ ವೈಸ್. ಹಿಂದೆ ‘ವೆಸ್ಟ್ ಸೈಡ್ ಸ್ಟೋರಿ’, ಮುಂದೆ ‘ದಿ ಸೌಂಡ್ ಆಫ್ ಮ್ಯೂಸಿಕ್’, ನಡುವೆ ಈ ಕಪ್ಪು-ಬಿಳುಪು ದೆವ್ವದ ಮನೆ. ಬೆಟ್ಟದ ಮೇಲೆ ಹಾಡಿಸಿದ ಮನುಷ್ಯನೇ ಇದನ್ನೂ ಮಾಡಿದ್ದು ಅಂದರೆ ನಮ್ಮತ್ತೆ ಇವತ್ತಿಗೂ ನಂಬುವುದಿಲ್ಲ.

ಕಥೆ ಇಷ್ಟು. ಡಾಕ್ಟರ್ ಮಾರ್ಕ್‌ವೇ ಅನ್ನುವ ಸಂಶೋಧಕನಿಗೆ ದೆವ್ವ ಇದೆಯೋ ಇಲ್ಲವೋ ಪರೀಕ್ಷೆ ಮಾಡುವ ಹುಚ್ಚು. ಹಿಲ್ ಹೌಸ್ ಅನ್ನುವ ತೊಂಬತ್ತು ವರ್ಷದ ಮನೆಗೆ ಕೆಲವರನ್ನು ಕರೆಸುತ್ತಾನೆ. ಅವರಲ್ಲಿ ಎಲಿನರ್ ಮುಖ್ಯಳು. ಹನ್ನೊಂದು ವರ್ಷ ಹಾಸಿಗೆ ಹಿಡಿದ ತಾಯಿಯ ಚಾಕರಿ ಮಾಡಿ ಸೋತ ಹೆಣ್ಣು. ತಾಯಿ ಏನಾದರೂ ಬೇಕಾದರೆ ಗೋಡೆ ಬಡಿಯುತ್ತಿದ್ದಳು. ಒಂದು ರಾತ್ರಿ ಬಡಿದಾಗ ಎಲಿನರ್ ಏಳಲಿಲ್ಲ. ತಾಯಿ ಸತ್ತಳು.

ಈಗ ಹಿಲ್ ಹೌಸ್‌ನ ಮೊದಲ ರಾತ್ರಿ. ಎಲ್ಲೋ ಗೋಡೆ ಬಡಿಯುವ ಸದ್ದು. ನಿದ್ದೆಗಣ್ಣಿನಲ್ಲಿ ಎಲಿನರ್ ‘ಬಂದೆ ಅಮ್ಮ’ ಅನ್ನುವ ಹಾಗೆ ಉತ್ತರ ಕೊಡುತ್ತಾಳೆ. ಆಮೇಲೆ ಎಚ್ಚರ ಆಗುತ್ತದೆ. ಅಮ್ಮ ಇಲ್ಲ, ಬಡಿತ ಮಾತ್ರ ಇದೆ, ಮತ್ತು ಅದು ಹಜಾರದಲ್ಲಿ ಒಂದೊಂದೇ ಬಾಗಿಲು ದಾಟಿ ಹತ್ತಿರ ಬರುತ್ತಿದೆ. ಎಲಿನರ್, ಜೊತೆಗೆ ಬಂದಿರುವ ತಿಯೋಡೋರಾ, ಇಬ್ಬರೂ ಒಂದೇ ಹಾಸಿಗೆಯಲ್ಲಿ ತಬ್ಬಿಕೊಂಡು ಬಾಗಿಲನ್ನು ನೋಡುತ್ತಾರೆ. ಹಿಡಿ ನಿಧಾನಕ್ಕೆ ತಿರುಗುತ್ತದೆ. ಕ್ಯಾಮೆರಾ ಕೋಣೆಯಿಂದ ಆಚೆ ಹೋಗುವುದೇ ಇಲ್ಲ.

ಈ ದೃಶ್ಯ ಮೊದಲ ಸಲ ನೋಡಿದಾಗ ನನಗೆ ಚಾಮರಾಜಪೇಟೆಯ ಅಗಳಿ ನೆನಪಾಯಿತು. ಯಾವುದೋ ದೇಶದ ಬಂಗಲೆ, ಯಾರೋ ಹೆಂಗಸರು, ಆದರೂ ಆ ಹೆದರಿಕೆಯ ಗುರುತು ನನಗಿತ್ತು.

ಇದರ ದೊಡ್ಡ ಬಲವೇ ಇದು. ಇಡೀ ಸಿನಿಮಾದಲ್ಲಿ ಒಂದು ದೆವ್ವವೂ ಕಾಣುವುದಿಲ್ಲ. ಒಂದು ಹನಿ ರಕ್ತ ತೋರಿಸಿ ಹೆದರಿಸುವುದಿಲ್ಲ. ಸದ್ದು, ನೆರಳು, ಬಾಗಿಲು, ಅಷ್ಟರಲ್ಲೇ ಕೆಲಸ. ವೈಸ್‌ಗೆ ಈ ಪಾಠ ಹೊಸದಲ್ಲ. ‘ಸಿಟಿಜನ್ ಕೇನ್’ ಸಿನಿಮಾದ ಎಡಿಟರ್ ಆಗಿದ್ದವನು ಆತ. ಆಮೇಲೆ ನಲವತ್ತರ ದಶಕದಲ್ಲಿ ವ್ಯಾಲ್ ಲೂಟನ್ ಅನ್ನುವ ನಿರ್ಮಾಪಕನ ಕೈಕೆಳಗೆ ನಿರ್ದೇಶನ ಶುರು ಮಾಡಿದ. ಲೂಟನ್‌ಗೆ ದುಡ್ಡು ಕಡಿಮೆ, ಹಾಗಾಗಿ ಭೂತವನ್ನು ಕತ್ತಲಲ್ಲೇ ಬಿಟ್ಟು ನೋಡುವವರ ತಲೆಗೆ ಕೆಲಸ ಕೊಡುತ್ತಿದ್ದ. ನಮ್ಮಜ್ಜಿಯ ಸೀಮೆಸುಣ್ಣವೂ ಅದೇ ಬಜೆಟ್ಟಿನದು.

ಇನ್ನೊಂದು ದೃಶ್ಯ ಇದೆ. ದೊಡ್ಡ ಮರದ ಬಾಗಿಲು ಉಸಿರಾಡುವವರ ಎದೆಯ ಹಾಗೆ ಒಳಕ್ಕೆ ಉಬ್ಬುತ್ತದೆ. ಕಂಪ್ಯೂಟರ್ ಇಲ್ಲದ ಕಾಲ. ಪದರ ಪದರ ಮರ ಅಂಟಿಸಿ ಬಾಗಿಲು ಮಾಡಿಸಿ, ಹಿಂದಿನಿಂದ ಒಬ್ಬ ಆಳು ಬಲವಾಗಿ ಒತ್ತಿದ, ಅಷ್ಟೇ. ಗೊತ್ತಿದ್ದೂ ಮೈ ಜುಮ್ ಅನ್ನುತ್ತದೆ.

ಮನೆಯನ್ನು ಚಿತ್ರಿಸಿದ ರೀತಿಯ ಬಗ್ಗೆ ಒಂದೆರಡು ಮಾತು ಜಾಸ್ತಿಯೇ ಹೇಳಬೇಕು. ಹಿಲ್ ಹೌಸ್‌ನಲ್ಲಿ ಒಂದು ಮೂಲೆಯೂ ನೇರ ಇಲ್ಲ, ಎಲ್ಲ ಕೋನಗಳೂ ಸ್ವಲ್ಪ ಸ್ವಲ್ಪ ತಪ್ಪು, ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ ಅಂತ ಕಥೆಯಲ್ಲೇ ಬರುತ್ತದೆ. ನಮ್ಮ ವಾಸ್ತು ನೋಡುವವರು ಗೇಟಿನಲ್ಲೇ ವಾಪಸ್ ಹೋಗುತ್ತಿದ್ದರು. ಈ ಓರೆಯನ್ನು ಕಣ್ಣಿಗೆ ತೋರಿಸಲು ವೈಸ್ ಪ್ಯಾನಾವಿಷನ್ ಕಂಪನಿಯ ಹತ್ತಿರ ತುಂಬಾ ಅಗಲದ ಲೆನ್ಸ್ ಕೇಳಿದ. ಅವರ ಬಳಿ 30 ಎಂಎಂ ಲೆನ್ಸ್ ಒಂದಿತ್ತು, ಆದರೆ ಅದು ಇನ್ನೂ ಪ್ರಯೋಗದ ಹಂತದಲ್ಲಿತ್ತು, ಚಿತ್ರ ಡೊಂಕಾಗಿ ಬರುತ್ತಿತ್ತು. ಅದೇ ಬೇಕು ಅಂತ ವೈಸ್, ಲೆನ್ಸ್ ಸರಿಯಿಲ್ಲ ಅನ್ನೋದು ತನಗೆ ಗೊತ್ತಿದೆ ಅಂತ ಬರೆದು ಸಹಿ ಹಾಕಿ ಕೊಟ್ಟು ತೆಗೆದುಕೊಂಡ. ಅದರ ಫಲವಾಗಿ ಗೋಡೆಗಳು ಎಲ್ಲೋ ಬಾಗಿದ ಹಾಗೆ ಕಾಣುತ್ತವೆ, ಯಾಕೆ ಅಂತ ನಮಗೆ ಹೇಳಲು ಆಗುವುದಿಲ್ಲ. ಕೋಣೆಗಳಿಗೆ ಚಾವಣಿ ಸಮೇತ ಸೆಟ್ ಹಾಕಿದ್ದರಿಂದ ತಲೆಯ ಮೇಲೆ ಭಾರ ಬಿದ್ದ ಹಾಗೆ ಅನಿಸುತ್ತದೆ. ಹೊರಗಿನ ಕಟ್ಟಡ ಮಾತ್ರ ನಿಜವಾದದ್ದು. ಇಂಗ್ಲೆಂಡಿನ ಎಟ್ಟಿಂಗ್ಟನ್ ಪಾರ್ಕ್, ಈಗ ಅದು ಹೋಟೆಲ್.

ನಮ್ಮ ಕಡೆ ದೆವ್ವ ಹಿಡಿಯುವುದು ಮನುಷ್ಯರನ್ನು, ಇಲ್ಲವೇ ಹುಣಸೆ ಮರವನ್ನು. ಮೈಮೇಲೆ ಬರುತ್ತದೆ, ಬಿಡಿಸಿದರೆ ಹೋಗುತ್ತದೆ. ‘ದಿ ಹಾಂಟಿಂಗ್’ನಲ್ಲಿ ಮನೆಯೇ ದೆವ್ವ. ಅದು ಎಲಿನರ್‌ಳನ್ನು ಹೆದರಿಸುತ್ತಿದೆಯೋ, ಬಾ ಅಂತ ಕರೆಯುತ್ತಿದೆಯೋ ಅನ್ನುವ ಅನುಮಾನ ಕೊನೆಯವರೆಗೂ ಹೋಗುವುದಿಲ್ಲ. ಅವಳಿಗೆ ಸ್ವಂತ ಮನೆ ಇಲ್ಲ, ಅಕ್ಕನ ಮನೆಯಲ್ಲಿ ಸೋಫಾ ಮೇಲೆ ಮಲಗುವವಳು. ಅಂಥವಳಿಗೆ ಗೋಡೆಯ ಮೇಲೆ ತನ್ನ ಹೆಸರು ಬರೆದದ್ದು ಕಂಡರೆ ಹೆದರಿಕೆಯ ಜೊತೆಗೆ ಇನ್ನೇನೋ ಆಗುತ್ತದೆ. ಜೂಲಿ ಹ್ಯಾರಿಸ್ ಆ ‘ಇನ್ನೇನೋ’ವನ್ನು ಮುಖದಲ್ಲೇ ತಂದಿದ್ದಾಳೆ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಮಾನು ಹೊತ್ತವರಿಗೆ ಇದು ಬೇಗ ತಟ್ಟುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ಕೊರತೆಯನ್ನೂ ಹೇಳಬೇಕಲ್ವಾ.

ಮೊದಲನೆಯದು, ಎಲಿನರ್‌ಳ ಮನಸ್ಸಿನ ಮಾತು. ಅವಳು ಯೋಚಿಸಿದ್ದೆಲ್ಲ ನಮಗೆ ಹಿನ್ನೆಲೆ ದನಿಯಲ್ಲಿ ಕೇಳಿಸುತ್ತದೆ. ಮುಖದಲ್ಲಿ ಆಗಲೇ ಕಂಡದ್ದನ್ನು ಮತ್ತೆ ಬಾಯಲ್ಲಿ ಹೇಳಿಸುತ್ತಾರೆ. ಕಾದಂಬರಿಯಲ್ಲಿ ಅದು ಚೆನ್ನ, ಸಿನಿಮಾದಲ್ಲಿ ಅರ್ಧ ಕತ್ತರಿಸಿದ್ದರೂ ನಷ್ಟ ಇರಲಿಲ್ಲ. ಅಗಳಿಯನ್ನು ನೋಡುತ್ತಾ ಮಲಗಿದ ಹುಡುಗ ‘ನನಗೆ ಹೆದರಿಕೆ ಆಗುತ್ತಿದೆ’ ಅಂತ ಹೇಳಿಕೊಳ್ಳುವುದಿಲ್ಲ.

ಎರಡನೆಯದು ಲೂಕ್. ಮನೆಯ ವಾರಸುದಾರ, ತಮಾಷೆಗೆ ಇಟ್ಟ ಪಾತ್ರ. ರಸ್ ಟ್ಯಾಂಬ್ಲಿನ್ ಒಳ್ಳೆಯ ಕುಣಿತಗಾರ, ಆದರೆ ಇಲ್ಲಿ ಅವನು ಹಾರಿಸುವ ಜೋಕುಗಳು ಆವತ್ತಿಗೇ ಹಳತಾಗಿದ್ದಿರಬೇಕು. ಡಾಕ್ಟರ್ ಕೂಡ ಪಾಠ ಮಾಡುವ ಮೇಷ್ಟ್ರ ಹಾಗೆ ಮಾತಾಡುತ್ತಲೇ ಇರುತ್ತಾನೆ. 112 ನಿಮಿಷದಲ್ಲಿ ಮೊದಲ ಅರ್ಧ ಗಂಟೆ ಪೂರ್ತಿ ಪ್ರಯಾಣ ಮತ್ತು ಪರಿಚಯ. ನಮ್ಮ ಗುಂಪಿನಲ್ಲಿ ಇಬ್ಬರು ಅಷ್ಟರಲ್ಲಿ ಫೋನ್ ತೆಗೆದಿದ್ದರು.

ಇನ್ನು ಎಲಿನರ್. ಅವಳ ಜೊತೆ ಎರಡು ಗಂಟೆ ಕಳೆಯುವುದು ಸುಲಭ ಅಲ್ಲ. ಸಿಡುಕು, ಅನುಮಾನ, ಅಳು. ಕಸಿನ್ ಅವಳನ್ನು ‘ತಲೆನೋವು’ ಅಂತ ಕರೆದ. ನನಗೆ ಇದು ಕೊರತೆ ಅನಿಸುವುದಿಲ್ಲ, ಆದರೆ ನಿಮಗೆ ಅನಿಸಬಹುದು, ಅದಕ್ಕೇ ಹೇಳಿದೆ. ಅವಳ ಜೊತೆಗಾತಿ ತಿಯೋಡೋರಾ ಮಾತ್ರ ಎಲ್ಲರಿಗೂ ಇಷ್ಟವಾದಳು. ಹೆಣ್ಣನ್ನು ಪ್ರೀತಿಸುವ ಹೆಣ್ಣು ಅವಳು. 1963ರಲ್ಲಿ ಅದನ್ನು ಬಿಡಿಸಿ ಹೇಳದೆ, ಗೇಲಿಯನ್ನೂ ಮಾಡದೆ ತೋರಿಸಿದ್ದು ದೊಡ್ಡದು.

ಕೊನೆಯ ಕೊರತೆ ಸಿನಿಮಾದ್ದಲ್ಲ, ನಮ್ಮದು. ಮೊಬೈಲ್‌ನಲ್ಲಿ, ಮೆಟ್ರೋದಲ್ಲಿ ನಿಂತು ನೋಡಿದರೆ ಇದರಲ್ಲಿ ಏನೂ ಇಲ್ಲ. ನಿಜವಾಗಿಯೂ ಏನೂ ಇಲ್ಲ. ಅಗಲ ಪರದೆಯ ಮೂಲೆಯ ಕತ್ತಲು, ದೂರದ ಸದ್ದು, ಇವೆರಡೇ ಬಂಡವಾಳ. ಎರಡೂ ಫೋನಿಗೆ ಸಿಗುವುದಿಲ್ಲ.

ಅದೇ ಹೆಸರಿನ 1999ರದ್ದು

ಹುಡುಕುವಾಗ ಎಚ್ಚರ. ಅದೇ ಕಾದಂಬರಿ, ಅದೇ ಹೆಸರು, ಇನ್ನೊಂದು ಸಿನಿಮಾ ಇದೆ. ಯಾನ್ ದೆ ಬಾಂಟ್ ನಿರ್ದೇಶನ, ಲಿಯಾಮ್ ನೀಸನ್, ಕ್ಯಾಥರೀನ್ ಝೀಟಾ-ಜೋನ್ಸ್, ಲಿಲಿ ಟೇಲರ್. ‘ಸ್ಪೀಡ್’, ‘ಟ್ವಿಸ್ಟರ್’ ಮಾಡಿದ ಕೈ, ಹಾಗಾಗಿ ಸುಮ್ನೆ ಕೂರುವ ಜಾಯಮಾನ ಅಲ್ಲ. ಬಾಗಿಲು ಬಡಿದರೆ ಬಾಗಿಲು, ಗೋಡೆ, ಚಾವಣಿ, ಪರದೆ ಎಲ್ಲವನ್ನೂ ಕಂಪ್ಯೂಟರ್‌ನಲ್ಲಿ ಎಬ್ಬಿಸಿ ಕುಣಿಸುತ್ತಾನೆ. ಕಲ್ಲಿನ ಮಕ್ಕಳ ಮುಖಗಳು ತಿರುಗುತ್ತವೆ, ಹಾಸಿಗೆ ಬೆರಳು ಚಾಚುತ್ತದೆ. ಒಂದು ಸಲ ‘ಓ’ ಅನಿಸುತ್ತದೆ, ಹತ್ತನೇ ಸಲ ಆಕಳಿಕೆ.

ಆದರೂ ಒಂದು ಮಾತು. ಇದರ ಸೆಟ್ ಭರ್ಜರಿ. ಸದ್ದು ಇನ್ನೂ ಭರ್ಜರಿ. ಮನೆಯಲ್ಲಿ ಹೊಸದಾಗಿ ದೊಡ್ಡ ಸ್ಪೀಕರ್ ತಂದಿದ್ದರೆ ಅದರ ತಾಕತ್ತು ನೋಡಲು ಹಾಕಿ, ಮೇಲಿನ ಮನೆಯವರು ಊರಲ್ಲಿ ಇಲ್ಲದಾಗ. ಎರಡನ್ನೂ ಒಂದೇ ವಾರ ನೋಡಿದರೆ ತೆರೆದ ಬಾಗಿಲಿಗೂ ಮುಚ್ಚಿದ ಬಾಗಿಲಿಗೂ ಇರುವ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಹೊಸದನ್ನು ಮೊದಲು ನೋಡಿ. ತಿರುಗಿಸಿ ನೋಡಿದರೆ ಹೊಸದನ್ನು ಮುಗಿಸಲು ಆಗುವುದಿಲ್ಲ.

ದಿ ಇನ್ನೊಸೆಂಟ್ಸ್ (1961)

‘ದಿ ಹಾಂಟಿಂಗ್’ ಇಷ್ಟವಾದರೆ ಮುಂದಿನದು ಇದೇ. ಕೆಲವರಿಗೆ ಅದಕ್ಕಿಂತ ಇದೇ ಮೇಲು, ಅವರ ಜೊತೆ ನಾನು ಜಗಳ ಮಾಡುವುದಿಲ್ಲ. ಹೆನ್ರಿ ಜೇಮ್ಸ್ 1898ರಲ್ಲಿ ಬರೆದ ಕಥೆ, ಜಾಕ್ ಕ್ಲೇಟನ್ ನಿರ್ದೇಶನ. ಇಬ್ಬರು ಅನಾಥ ಮಕ್ಕಳನ್ನು ನೋಡಿಕೊಳ್ಳಲು ದೊಡ್ಡ ಬಂಗಲೆಗೆ ಬರುವ ಟೀಚರ್ ಆಗಿ ಡೆಬೊರಾ ಕೆರ್. ಮಕ್ಕಳು ಬಹಳ ಚೆನ್ನಾಗಿದ್ದಾರೆ. ಅತಿಯಾಗಿ ಚೆನ್ನಾಗಿದ್ದಾರೆ.

ಇಲ್ಲಿ ದೆವ್ವ ಕಾಣುತ್ತದೆ, ಅದೂ ಹಾಡುಹಗಲಲ್ಲಿ. ಕೆರೆಯ ಆಚೆ ದಡದ ಜೊಂಡಿನ ನಡುವೆ ಕಪ್ಪು ಬಟ್ಟೆಯ ಹೆಂಗಸು ಸುಮ್ಮನೆ ನಿಂತಿರುತ್ತಾಳೆ. ಓಡುವುದಿಲ್ಲ, ಕಿರುಚುವುದಿಲ್ಲ. ದೂರ ಇದ್ದಾಳೆ, ಮುಖವೂ ಸರಿಯಾಗಿ ಕಾಣದು. ದೆವ್ವ ಕಾಣಲೇಬೇಕು ಅನ್ನುತ್ತಿದ್ದ ಕಸಿನ್ ಈ ದೃಶ್ಯ ಬಂದಾಗ ಮಾತಾಡಲಿಲ್ಲ. ಆದರೆ ಟೀಚರ್ ಬಿಟ್ಟು ಬೇರೆ ಯಾರಿಗಾದರೂ ಅವಳು ಕಂಡಳಾ? ಬಾಗಿಲು ಅರ್ಧ ತೆರೆದು ಅಲ್ಲೇ ನಿಲ್ಲಿಸಿದ ಸಿನಿಮಾ ಇದು.

ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್ ಅಗಲ ಪರದೆಯ ಎರಡೂ ಬದಿಗೆ ಬಣ್ಣ ಬಳಿದ ಫಿಲ್ಟರ್ ಹಾಕಿ ಅಂಚುಗಳನ್ನು ಕಪ್ಪು ಮಾಡಿದ್ದಾನೆ. ಮೇಣದಬತ್ತಿ ಹಿಡಿದು ಅವಳು ನಡೆಯುವಾಗ ಬೆಳಕು ನಡುವೆ ಮಾತ್ರ. ಕೊರತೆ ಅಂದರೆ ಮಾತು ನಾಟಕದ ಮಾತು, ಇಂಗ್ಲಿಷ್ ಕೂಡ ಸ್ವಲ್ಪ ಗಟ್ಟಿ. ಸಬ್‌ಟೈಟಲ್ ಹಾಕಿಕೊಳ್ಳಿ. ಮಕ್ಕಳು ದೊಡ್ಡವರ ಹಾಗೆ ಮಾತಾಡುವ ಒಂದೆರಡು ಕಡೆ ಕಸಿವಿಸಿ ಆಗುತ್ತದೆ, ಬೇಕಂತಲೇ ಹಾಗೆ ಮಾಡಿದ್ದಾರೆ. ಮನೆಮಂದಿ ಎಲ್ಲ ಕೂತು ನೋಡುವ ಪೈಕಿ ಅಲ್ಲ.

ಹೌಸ್ ಆನ್ ಹಾಂಟೆಡ್ ಹಿಲ್ (1959)

ಜಾತ್ರೆಯ ಮಾಲು. ವಿನ್ಸೆಂಟ್ ಪ್ರೈಸ್ ಐದು ಜನರನ್ನು ಕರೆದು, ರಾತ್ರಿಯಿಡೀ ಈ ಮನೆಯಲ್ಲಿ ಬದುಕಿ ಉಳಿದರೆ ತಲೆಗೆ 10,000 ಡಾಲರ್ ಅನ್ನುತ್ತಾನೆ. ಪುಟ್ಟ ಪುಟ್ಟ ಶವಪೆಟ್ಟಿಗೆಯಲ್ಲಿ ಪಿಸ್ತೂಲು ಹಂಚುತ್ತಾರೆ. ನಿರ್ದೇಶಕ ವಿಲಿಯಂ ಕ್ಯಾಸಲ್ ಆಗ ಟಾಕೀಸಿನಲ್ಲಿ ಜನರ ತಲೆಯ ಮೇಲೆ ತಂತಿ ಕಟ್ಟಿ ಪ್ಲಾಸ್ಟಿಕ್ ಅಸ್ಥಿಪಂಜರ ಹಾರಿಸುತ್ತಿದ್ದ. ಮನೆಯಲ್ಲಿ ಆ ಮಜಾ ಇಲ್ಲ, ಬೇಕಾದರೆ ದುಪ್ಪಟ್ಟಾ ಎಸೆಯಿರಿ. ಹೊರಗಿನಿಂದ ಕಾಣುವ ಮನೆ ಲಾಸ್ ಏಂಜಲೀಸ್‌ನ ಎನ್ನಿಸ್ ಹೌಸ್, ಫ್ರ್ಯಾಂಕ್ ಲಾಯ್ಡ್ ರೈಟ್ ಕಟ್ಟಿದ್ದು. ಒಳಗೆ ಹೋದರೆ ಪೂರ್ತಿ ಬೇರೆ ಮನೆ, ಯಾರೂ ತಲೆ ಕೆಡಿಸಿಕೊಂಡಿಲ್ಲ.

ಹೆದರಿಕೆ ಕಡಿಮೆ, ನಗು ಜಾಸ್ತಿ. 75 ನಿಮಿಷಕ್ಕೆ ಮುಗಿಯುತ್ತದೆ. ಹದಿಹರೆಯದ ಮಕ್ಕಳು ಜೊತೆಗಿದ್ದರೆ, ಅಥವಾ ಎಲ್ಲರೂ ಮಾತಾಡುತ್ತಾ ಕಡಲೆಪುರಿ ತಿನ್ನುತ್ತಾ ನೋಡುವುದಾದರೆ ಇದೇ ಸರಿ.

ದಿ ಚೇಂಜ್‌ಲಿಂಗ್ (1980)

ನಮ್ಮತ್ತೆಯ ಓಟು ಇದಕ್ಕೆ. ಹೆಂಡತಿ ಮಗಳನ್ನು ಅಪಘಾತದಲ್ಲಿ ಕಳೆದುಕೊಂಡ ಸಂಗೀತಗಾರ ದೊಡ್ಡ ಹಳೇ ಮನೆಯೊಂದನ್ನು ಬಾಡಿಗೆಗೆ ಹಿಡಿಯುತ್ತಾನೆ. ಜಾರ್ಜ್ ಸಿ. ಸ್ಕಾಟ್ ಎಷ್ಟು ಗಟ್ಟಿ ಆಳು ಅಂದರೆ, ಅವನು ಹೆದರಿದಾಗ ನಮಗೆ ಇನ್ನೂ ಹೆದರಿಕೆ. ಮಗಳ ಕೆಂಪು ಚೆಂಡನ್ನು ಅವನು ನದಿಗೆ ಎಸೆದು ಬರುತ್ತಾನೆ. ಮನೆಗೆ ಬಂದರೆ ಅದು ಒದ್ದೆಯಾಗಿ ಮೆಟ್ಟಿಲ ಮೇಲಿಂದ ಪುಟಿಯುತ್ತಾ ಇಳಿದು ಬರುತ್ತದೆ. ಒಂದು ಚೆಂಡು, ಒಂದು ಮೆಟ್ಟಿಲು. ವೈಸ್ ನೋಡಿದ್ದರೆ ಖುಷಿಪಡುತ್ತಿದ್ದ.

ಆದರೆ ಈ ಸಿನಿಮಾ ಬಾಗಿಲು ತೆರೆಯುತ್ತದೆ. ಮುಚ್ಚಿದ ಕೋಣೆ ಸಿಗುತ್ತದೆ, ಟೇಪ್ ರೆಕಾರ್ಡರ್‌ನಲ್ಲಿ ದನಿ ಸಿಗುತ್ತದೆ, ಆ ದನಿಯ ಹಿಂದೆ ಹಳೇ ಅನ್ಯಾಯ ಸಿಗುತ್ತದೆ. ಅಲ್ಲಿಂದ ಇದು ಪತ್ತೇದಾರಿ ಕಥೆ. ಕಥೆ ಬೇಕು ಅನ್ನುವವರಿಗೆ ಹಬ್ಬ. ನನಗೆ ಮಾತ್ರ ಎರಡನೇ ಅರ್ಧದಲ್ಲಿ ಸೆನೆಟರ್, ಪೊಲೀಸು, ದಾಖಲೆ ಅಂತ ಓಡಾಟ ಶುರುವಾದ ಮೇಲೆ ಮನೆಯೇ ಮರೆತುಹೋಯಿತು. ಕಥೆ ನಡೆಯುವುದು ಅಮೆರಿಕದ ಸಿಯಾಟಲ್‌ನಲ್ಲಿ, ಸಿನಿಮಾ ಕೆನಡಾದ್ದು. ಅಲ್ಲಿನ ಮೊದಲ ಜೀನಿ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರ ಆಯಿತು. ಹಳೇ ಸಿನಿಮಾ ಅಂದರೆ ಮೂಗು ಮುರಿಯುವವರಿಗೆ ಮೊದಲು ತೋರಿಸಬೇಕಾದದ್ದು ಇದು. ಬಣ್ಣದ್ದು, ವೇಗ ಇದೆ, ಮೊದಲ ಅರ್ಧ ನಿಜಕ್ಕೂ ನಡುಗಿಸುತ್ತದೆ.

ಪೋಲ್ಟರ್‌ಗೈಸ್ಟ್ (1982)

ಇಲ್ಲಿ ಮನೆ ಹಳೆಯದಲ್ಲ, ಹೊಸ ಲೇಔಟಿನ ಹೊಸ ಮನೆ. ಟೋಬ್ ಹೂಪರ್ ನಿರ್ದೇಶನ, ಸ್ಟೀವನ್ ಸ್ಪಿಲ್‌ಬರ್ಗ್ ನಿರ್ಮಾಣ. ಸ್ಮಶಾನದ ಮೇಲೆ ಲೇಔಟ್ ಮಾಡಿದವರು ಸಮಾಧಿ ಕಲ್ಲುಗಳನ್ನು ಮಾತ್ರ ಎತ್ತಿ, ಕೆಳಗಿದ್ದವರನ್ನು ಅಲ್ಲೇ ಬಿಟ್ಟಿರುತ್ತಾರೆ. ಬೆಂಗಳೂರಿನವರಿಗೆ ಇದರಲ್ಲಿ ಆಶ್ಚರ್ಯ ಏನಿದೆ? ನಮ್ಮ ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಮೇಲಿದೆ, ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆಯ ಮೇಲಿದೆ. ಊರ ತುಂಬ ಕೆರೆಯಂಗಳದಲ್ಲಿ ಎದ್ದ ಬಡಾವಣೆಗಳು. ಜೋರು ಮಳೆ ಬಂದ ರಾತ್ರಿ ಹಳೇ ಕೆರೆ ಎದ್ದು ಬಂದು ಬೇಸ್‌ಮೆಂಟಿನಲ್ಲಿ ನಿಲ್ಲುತ್ತದೆ. ‘ನಾಳೆ ಬಾ’ ಅಂತ ಬರೆದರೆ ಅದು ಕೇಳುವುದಿಲ್ಲ.

ಇದರಲ್ಲಿ ಎಲ್ಲವೂ ಕಾಣುತ್ತದೆ: ಮಕ್ಕಳನ್ನು ನುಂಗುವ ಮರ, ಜೋಕರ್ ಗೊಂಬೆ, ಟೀವಿಯೊಳಗಿನ ಬೆಳಕು. ಬಾಗಿಲು ತೆರೆದು, ಕಿತ್ತು, ಆಚೆ ಎಸೆಯುವ ಸಿನಿಮಾ. ಮನೆಯವರು ಮಾತ್ರ ನಿಜವಾದ ಮನೆಯವರ ಹಾಗಿದ್ದಾರೆ, ಅದಕ್ಕೇ ಕೆಲಸ ಮಾಡುತ್ತದೆ. ಕಸಿನ್‌ಗೆ ಹತ್ತಕ್ಕೆ ಹತ್ತು. ಪುಟ್ಟ ಮಕ್ಕಳಿಗೆ ತೋರಿಸಬೇಡಿ, ಗೊಂಬೆಗಳನ್ನೆಲ್ಲ ಅಟ್ಟಕ್ಕೆ ಹಾಕಬೇಕಾಗುತ್ತದೆ.

ಕನ್ನಡದಲ್ಲೇ ಬೇಕಾದರೆ

‘ನಾ ನಿನ್ನ ಬಿಡಲಾರೆ’ (1979) ಹೆಸರು ಎಲ್ಲರ ಬಾಯಲ್ಲೂ ಬರುತ್ತದೆ. ಅನಂತ್ ನಾಗ್, ಲಕ್ಷ್ಮಿ ಇಬ್ಬರೂ ಚೆನ್ನ, ನನ್ನ ವಯಸ್ಸಿನವರು ಟೀವಿಯಲ್ಲಿ ನೋಡಿ ದಿಂಬಿನಡಿ ಸೇರಿದ್ದೂ ನಿಜ. ಆದರೆ ಅದು ಮೈಮೇಲೆ ಬರುವ ದೆವ್ವದ ಕಥೆ, ಮನೆಯದ್ದಲ್ಲ. ಮನೆಯ ಕಥೆ ಅಂದರೆ ‘ಆಪ್ತಮಿತ್ರ’ (2004). ಇಪ್ಪತ್ತು ವರ್ಷ ದಾಟಿತು, ಅದನ್ನೂ ಹಳೇದು ಅನ್ನಬಹುದು.

ಇದರ ಬೇರು 1993ರ ಮಲಯಾಳಂ ‘ಮಣಿಚಿತ್ರತಾಳ್’. ಆ ಹೆಸರಿನ ಅರ್ಥವೇ ಚಿತ್ತಾರದ ಬೀಗ. ಮುಚ್ಚಿದ ಕೋಣೆ, ತೆರೆಯಬೇಡ ಅಂತ ಎಲ್ಲರೂ ಹೇಳುವುದು, ನಾಯಕಿ ಗಂಗಾ ತೆರೆದೇ ತೆರೆಯುವುದು. ಹಿಲ್ ಹೌಸ್‌ಗೂ ಇದಕ್ಕೂ ಹೋಲಿಸಿದರೆ ಒಂದು ವಿಚಿತ್ರ ಸಿಗುತ್ತದೆ. ಅಲ್ಲಿ ಡಾಕ್ಟರ್‌ಗೆ ದೆವ್ವದ ಮೇಲೆ ನಂಬಿಕೆ, ಕೊನೆಯವರೆಗೂ ಉತ್ತರ ಸಿಗುವುದಿಲ್ಲ. ಇಲ್ಲಿ ವಿಷ್ಣುವರ್ಧನ್ ಮಾಡಿದ ಡಾಕ್ಟರ್ ಮನೋವೈದ್ಯ, ಎಲ್ಲರನ್ನೂ ಕೂರಿಸಿ ಗಂಗಾಳೇ ಸತ್ತ ನರ್ತಕಿ ನಾಗವಲ್ಲಿ ಆಗುವ ಕಾಯಿಲೆಯನ್ನು ವಿವರಿಸುತ್ತಾನೆ. ಇಬ್ಬರು ನಾಯಕಿಯರೂ ಮನೆಯ ಕರೆಗೆ ಓಗೊಡುವವರೇ. ಒಬ್ಬಳಿಗೆ ವೈದ್ಯ ಸಿಕ್ಕಿದ, ಇನ್ನೊಬ್ಬಳಿಗೆ ಸಿಗಲಿಲ್ಲ. ವಿವರಿಸಿ ಆದ ಮೇಲೂ ಆ ದೊಡ್ಡ ಹಾವು ಎಲ್ಲಿಂದ ಬಂತು ಅಂತ ಮಾತ್ರ ಕೇಳಬೇಡಿ.

ಬಲ ಅಂದರೆ ಗಂಗಾ ಆಗಿರುವ ನಟಿ ಸೌಂದರ್ಯ. ಮೃದುವಾಗಿ ಮಾತಾಡುತ್ತಿದ್ದ ಹೆಂಡತಿಯ ಕಣ್ಣು ಗಂಡನ ಮುಂದೆಯೇ ಬದಲಾಗುವ ದೃಶ್ಯಕ್ಕೆ ಯಾವ ಲೆನ್ಸೂ ಬೇಕಾಗಿಲ್ಲ. ಅವರು ತೀರಿಕೊಂಡದ್ದು 2004ರ ಏಪ್ರಿಲ್ 17ರಂದು, ಬೆಂಗಳೂರಿನ ಜಕ್ಕೂರಿನಿಂದ ಹಾರಿದ ವಿಮಾನ ಬಿದ್ದು. ಸಿನಿಮಾ ತೆರೆಗೆ ಬಂದದ್ದು ಆಮೇಲೆ. ಸತ್ತ ನಟಿ ಸತ್ತ ನರ್ತಕಿಯಾಗಿ ಕುಣಿಯುವುದನ್ನು ಆವತ್ತು ಟಾಕೀಸಿನಲ್ಲಿ ನೋಡಿದವರಿಗೆ ‘ರಾ ರಾ’ ಬರೀ ಹಾಡಾಗಿರಲಿಲ್ಲ. ಕೊರತೆ? ಕಾಮಿಡಿ ಜಾಸ್ತಿ, ಉದ್ದ ಜಾಸ್ತಿ, ಹೆದರಿಕೆ ಹತ್ತುವಷ್ಟರಲ್ಲಿ ಯಾರೋ ಜಾರಿ ಬೀಳುತ್ತಾರೆ. ಆದರೆ ಅಜ್ಜಿಯಿಂದ ಮೊಮ್ಮಗಳವರೆಗೆ ಒಟ್ಟಿಗೆ ಕೂತು ನೋಡಬಹುದಾದ್ದು ಈ ಪಟ್ಟಿಯಲ್ಲಿ ಇದೊಂದೇ.

ನೋಡುವ ಬಗೆ

‘ದಿ ಹಾಂಟಿಂಗ್’ (1963ರದ್ದು), ‘ದಿ ಇನ್ನೊಸೆಂಟ್ಸ್’ ಎರಡನ್ನು ರಾತ್ರಿ ಒಂಬತ್ತರ ಮೇಲೆ, ದೀಪ ಪೂರ್ತಿ ಆರಿಸಿ ನೋಡಿ. ಟೀವಿಯ ಬ್ರೈಟ್‌ನೆಸ್ ಏರಿಸಬೇಡಿ, ಕತ್ತಲೆಲ್ಲ ಬೂದಿ ಬಣ್ಣ ಆಗಿಬಿಡುತ್ತದೆ. ‘ದಿ ಹಾಂಟಿಂಗ್’ಗೆ ಸದ್ದು ಸ್ವಲ್ಪ ಜಾಸ್ತಿಯೇ ಇರಲಿ, ಪಿಸುಮಾತು ಕೇಳಿಸಬೇಕು. ಮಳೆ ಇದ್ದರೆ ಒಳ್ಳೆಯದು. ಗುಂಪು ನಾಲ್ಕು ಜನಕ್ಕಿಂತ ದೊಡ್ಡದಾದರೆ ಅದನ್ನು ಬಿಟ್ಟು ಕ್ಯಾಸಲ್‌ನದ್ದೋ ಸ್ಪಿಲ್‌ಬರ್ಗ್‌ನದ್ದೋ ಹಾಕಿ. ಏಳು ಜನರ ನಡುವೆ ಯಾವ ಪಿಸುಮಾತೂ ಉಳಿಯುವುದಿಲ್ಲ.

ಊಟ ಮೊದಲೇ ಮುಗಿಸಿಕೊಳ್ಳಿ. ನಾವು ಆ ತಪ್ಪು ಮಾಡಿದೆವು. ಸಿನಿಮಾ ಶುರುವಾದ ಮೇಲೆ ಬಿರಿಯಾನಿಗೆ ಹೇಳಿದೆವು. ಹಜಾರದಲ್ಲಿ ಬಡಿತ ಹತ್ತಿರ ಬರುತ್ತಿದ್ದ ಹೊತ್ತಿಗೆ ಸರಿಯಾಗಿ ನಮ್ಮ ಬಾಗಿಲು ಬಡಿಯಿತು. ಯಾರೂ ಏಳಲಿಲ್ಲ. ಕಸಿನ್, ದೆವ್ವ ಕಾಣಲೇಬೇಕು ಅನ್ನುವವನು, ಕಾಲು ಮಡಚಿ ಸೋಫಾ ಮೇಲೆ ಇಟ್ಟುಕೊಂಡ. ಮತ್ತೆ ಬಡಿಯಿತು. ಆಚೆಯಿಂದ ಯಾರೋ ಅವನ ಹೆಸರು ಹಿಡಿದು ಕರೆದರು. ನಮ್ಮತ್ತೆ ಮೆಲ್ಲಗೆ ‘ನಾಳೆ ಬಾರಪ್ಪ’ ಅಂದರು. ದೃಶ್ಯ ಮುಗಿದು, ದೀಪ ಹಾಕಿ, ಮೂವರು ಒಟ್ಟಿಗೆ ಹೋಗಿ ತೆರೆದಾಗ ಹೊರಗೆ ಯಾರೂ ಇರಲಿಲ್ಲ. ಕಾಲೊರಸಿನ ಮೇಲೆ ಪೊಟ್ಟಣ ಇತ್ತು, ಇನ್ನೂ ಬೆಚ್ಚಗಿತ್ತು.